ಶೂಟಿಂಗ್‌ಗೆ, ಟಿಕೆಟ್ ಶೋಗೆ ಪ್ರಾಣಿ ಒದಗಿಸುವವರಿಗೆ ಯಾವ ಕಾಗದ ಬೇಕು, ಯಾವುದು ಮೊದಲು?

ಲಾಳದಕಟ್ಟೆ:
ಬಿಡದಿ ಹತ್ತಿರದ ಫಾರ್ಮ್. ಕುದುರೆ 3, ನಾಯಿ 2, ಆಡು 6. ಇವನ್ನು ಸಿನಿಮಾ ಶೂಟಿಂಗ್‌ಗೆ ಬಾಡಿಗೆಗೆ ಕೊಡುವುದು, ಭಾನುವಾರ ಟಿಕೆಟ್ ಇಟ್ಟು ಮಕ್ಕಳಿಗೆ ಒಂದು ಗಂಟೆ ಶೋ ನಡೆಸುವುದು ಯೋಜನೆ. ಪಂಚಾಯಿತಿಯ ಟ್ರೇಡ್ ಲೈಸೆನ್ಸ್ ಇದೆ. ಅಷ್ಟು ಸಾಕು ಅಂತ ಒಬ್ಬರು, ‘ಪ್ರಾಣಿ ಮಂಡಳಿ’ಯ ರಿಜಿಸ್ಟ್ರೇಶನ್ ಬೇಕು ಅಂತ ಇನ್ನೊಬ್ಬರು. ಒಬ್ಬ ಪ್ರೊಡಕ್ಷನ್ ಮ್ಯಾನೇಜರ್ ಜೋಡಿ ಎತ್ತು, ಒಂದು ಪಂಜರದ ಗಿಳಿ ಕೂಡ ಕೇಳುತ್ತಿದ್ದಾರೆ. ಗೊತ್ತಿರುವವರು ಬಿಡಿಸಿ ಹೇಳಿ.

ಕರಿಕೋಟು:
ಟ್ರೇಡ್ ಲೈಸೆನ್ಸ್ ಜಾಗಕ್ಕೂ ವ್ಯಾಪಾರಕ್ಕೂ ಸಂಬಂಧಪಟ್ಟದ್ದು. ಪ್ರಾಣಿಯನ್ನು ಪ್ರದರ್ಶನಕ್ಕೆ ಬಳಸಲು ಅದರಿಂದ ಅನುಮತಿ ಸಿಗುವುದಿಲ್ಲ.

ನಿಮಗೆ ತಾಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಐದನೇ ಅಧ್ಯಾಯ, ಸೆಕ್ಷನ್ 21ರಿಂದ 27. ಸೆಕ್ಷನ್ 22 ಎರಡು ಮಾತು ಹೇಳುತ್ತದೆ. ಒಂದು, ನೋಂದಣಿ ಇಲ್ಲದೆ ಯಾರೂ ಪ್ರಾಣಿಯನ್ನು ಪ್ರದರ್ಶಿಸುವಂತಿಲ್ಲ, ಪ್ರದರ್ಶನಕ್ಕಾಗಿ ಪಳಗಿಸುವಂತೆಯೂ ಇಲ್ಲ. ಎರಡು, ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸಿದ ಪ್ರಾಣಿಗಳನ್ನು ನೋಂದಣಿ ಇದ್ದರೂ ಬಳಸುವಂತಿಲ್ಲ.

‘ಪ್ರದರ್ಶನ’ ಅಂದರೇನು ಅನ್ನುವುದು ಸೆಕ್ಷನ್ 21ರಲ್ಲಿದೆ: ಟಿಕೆಟ್ ಮಾರಿ ಜನರನ್ನು ಒಳಗೆ ಬಿಡುವ ಮನರಂಜನೆ. ‘ತರಬೇತಿ’ ಅಂದರೂ ಅಂಥ ಪ್ರದರ್ಶನಕ್ಕಾಗಿ ಕೊಡುವ ತರಬೇತಿಯೇ. ಹಾಗಾಗಿ ಮನೆ ನಾಯಿಗೆ ಕೂರು, ನಿಲ್ಲು ಕಲಿಸುವ ತರಬೇತಿ ಶಾಲೆ ಈ ಅಧ್ಯಾಯದೊಳಗೆ ಬರುವುದಿಲ್ಲ. ಅದೇ ನಾಯಿಯನ್ನು ಸಿನಿಮಾಗೆ ತಯಾರು ಮಾಡಿದರೆ ಬರುತ್ತದೆ. 2001ರ ನೋಂದಣಿ ನಿಯಮಗಳು ಸಿನಿಮಾವನ್ನು ಹೆಸರಿಸಿಯೇ ಸೇರಿಸಿಕೊಂಡಿವೆ. ನಿಮ್ಮ ಭಾನುವಾರದ ಶೋ, ಬಾಡಿಗೆ ವ್ಯವಹಾರ ಎರಡೂ ಒಳಗೇ.

ಸೆಕ್ಷನ್ 27ರ ವಿನಾಯಿತಿ ಸೇನೆ, ಪೊಲೀಸ್ ತರಬೇತಿಗೆ, ಮೃಗಾಲಯಗಳಿಗೆ, ಶಿಕ್ಷಣ ಅಥವಾ ವಿಜ್ಞಾನಕ್ಕಾಗಿ ಪ್ರಾಣಿ ತೋರಿಸುವುದೇ ಮುಖ್ಯ ಉದ್ದೇಶವಾಗಿರುವ ಸಂಸ್ಥೆಗಳಿಗೆ. ‘ಎಜುಕೇಶನಲ್ ಫಾರ್ಮ್’ ಅಂತ ಬೋರ್ಡ್ ಹಾಕಿಕೊಂಡ ಮಾತ್ರಕ್ಕೆ ಅದು ದಕ್ಕುವುದಿಲ್ಲ.

ಚಕ್ಕಡಿ_ಧಾರವಾಡ:
ನಾಯಿ ನಿಷೇಧದ ಪಟ್ಟಿಯೊಳಗ ಅದ ಅಂತ ಕೇಳೀವಲ್ರಿ? ಹಂಗಿದ್ರ ಮೊದಲ ಅದನ್ನ ತಗೀರಿ.

ಕರಿಕೋಟು:
ಅದು 1991ರ ಅಧಿಸೂಚನೆ. ಅದರಲ್ಲಿ ಕರಡಿ, ಕೋತಿ, ಹುಲಿ, ಚಿರತೆ ಜೊತೆಗೆ ನಾಯಿಯೂ ಇತ್ತು. 1998ರ ಅಕ್ಟೋಬರ್ 14ರ ಅಧಿಸೂಚನೆಯಲ್ಲಿ ನಾಯಿ ಬಿಟ್ಟುಹೋಯಿತು, ಸಿಂಹ ಸೇರಿತು. ಸರ್ಕಸ್‌ನವರು ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್‌ವರೆಗೂ ಹೋದರು, 2001ರ ಮೇ 1ರಂದು ಸೋತರು. 2011ರ ಜುಲೈ 11ರಂದು ಹೋರಿಯೂ ಪಟ್ಟಿಗೆ ಬಂತು. ಹಳೇ ಪಟ್ಟಿಯ ಫೋಟೋ ವಾಟ್ಸಾಪ್‌ನಲ್ಲಿ ಇನ್ನೂ ಓಡಾಡುತ್ತಿದೆ, ಅದನ್ನು ಬಿಡಿ. ನಾಯಿ, ಕುದುರೆ, ಆಡಿಗೆ ನಿಷೇಧವಿಲ್ಲ. ನೋಂದಣಿ ಮಾತ್ರ ಕಡ್ಡಾಯ.

ನಮೂನೆ_ಒಂದು:
ಕಾನೂನು ಮೇಲೆ ಬಂತು, ನಾನು ಕಾಗದದ ಸರದಿ ಹೇಳುತ್ತೇನೆ. ಈ ಕೆಲಸದಲ್ಲಿ ಕೆಡುವುದೆಲ್ಲ ದಿನಾಂಕ ಹಿಂದುಮುಂದಾಗಿ.

ಮೊದಲು ಮಾಲೀಕನ ನೋಂದಣಿ. ಅರ್ಜಿ ಹೋಗಬೇಕಾದದ್ದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೆ, ಅದರ ಆನ್‌ಲೈನ್ ಪೋರ್ಟಲ್ ಮೂಲಕ. ಮಂಡಳಿ 2018ರಲ್ಲಿ ಚೆನ್ನೈನಿಂದ ಹರಿಯಾಣದ ಬಲ್ಲಭಗಡಕ್ಕೆ ಹೋಯಿತು. ಚೆನ್ನೈ ವಿಳಾಸವಿರುವ ನಮೂನೆ ಯಾರಾದರೂ ಕೊಟ್ಟರೆ ಅದು ಹಳೇದು, ಅದರಲ್ಲಿರುವ ಶುಲ್ಕವೂ ಹಳೇದು. ಪೋರ್ಟಲ್ ತೋರಿಸುವ ಮೊತ್ತವನ್ನೇ ನಂಬಿ.

ಈ ನೋಂದಣಿ ಡ್ರೈವಿಂಗ್ ಲೈಸೆನ್ಸ್ ಥರ ವ್ಯಕ್ತಿಗೆ ಅಂಟಿಕೊಂಡು ಬರುವುದಲ್ಲ. ಯಾವ ಪ್ರಾಣಿ, ಎಷ್ಟು, ಯಾವ ಥರದ ಪ್ರದರ್ಶನ ಅಂತ ರಿಜಿಸ್ಟರ್‌ಗೆ ಏರುತ್ತದೆ. ನಾಳೆ ನಾಲ್ಕನೇ ಕುದುರೆ ಕೊಂಡರೆ, ನಾಯಿಗೆ ಹೊಸ ಆಟ ಕಲಿಸಿದರೆ, ತಿದ್ದುಪಡಿಗೆ ಅರ್ಜಿ ಹಾಕಬೇಕು. ಹಳೇ ಸರ್ಟಿಫಿಕೇಟ್ ರದ್ದಾಗಿ ಹೊಸದು ಬರುತ್ತದೆ.

ಆಮೇಲೆ ಶೂಟಿಂಗ್ ಅನುಮತಿ. ಇದು ಬೇರೆ ಅರ್ಜಿ, ಸಾಮಾನ್ಯವಾಗಿ ನಿರ್ಮಾಣ ಸಂಸ್ಥೆ ಹಾಕುತ್ತದೆ. ಶೂಟಿಂಗ್‌ನ ಜಾಗ, ದಿನ, ಸಮಯವನ್ನು ಕನಿಷ್ಠ ನಾಲ್ಕು ವಾರ ಮೊದಲೇ ತಿಳಿಸಬೇಕು. ಪ್ರಾಣಿಯ ವಯಸ್ಸು, ಆರೋಗ್ಯ, ಅದು ಮಾಡುವ ಕೆಲಸ, ಎಷ್ಟು ಹೊತ್ತು, ಹೇಗೆ ಎಷ್ಟು ದಿನ ಪಳಗಿಸಿದ್ದು, ದೃಶ್ಯಕ್ಕೆ ಪ್ರಾಣಿ ಯಾಕೆ ಬೇಕೇ ಬೇಕು, ಇಷ್ಟನ್ನೂ ಬರೆಯಬೇಕು. ಜೊತೆಗೆ ಪಶುವೈದ್ಯರ ಫಿಟ್‌ನೆಸ್ ಸರ್ಟಿಫಿಕೇಟ್.

ಕೊನೆಗೆ, ಎಡಿಟಿಂಗ್ ಆದಮೇಲೆ ಮಂಡಳಿಯ ಎನ್‌ಒಸಿ, ಅಂದರೆ ‘ಆಕ್ಷೇಪಣೆ ಇಲ್ಲ’ ಅನ್ನುವ ಪತ್ರ. ಅದಿಲ್ಲದೆ ಸೆನ್ಸಾರ್‌ನಲ್ಲಿ ಪ್ರಾಣಿಯ ದೃಶ್ಯ ಮುಂದೆ ಹೋಗುವುದಿಲ್ಲ.

ಸೆಕ್ಷನ್ 26ರ ದಂಡ 500 ರೂಪಾಯಿವರೆಗೆ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಐನೂರು ತಾನೇ ಅಂತ ನಗುವವರನ್ನು ಸೆನ್ಸಾರ್ ಹಂತದಲ್ಲಿ ನೋಡಬೇಕು. ರಿಲೀಸ್ ದಿನ ಗೊತ್ತಾಗಿದೆ, ಪೋಸ್ಟರ್ ಅಂಟಿದೆ, ಹೀರೋ ಎಂಟ್ರಿಯಲ್ಲಿ ಕುದುರೆ ಇದೆ, ಎನ್‌ಒಸಿ ಇಲ್ಲ. ಶೂಟಿಂಗ್ ಮುಗಿದ ಮೇಲೆ ‘ಮುಂಚಿತ’ ಅನುಮತಿ ಹುಟ್ಟಿಸಲಾಗುವುದಿಲ್ಲ. ಕತ್ತರಿಸಬೇಕು, ಇಲ್ಲ ಕಾಯಬೇಕು.

ಲಾಳದಕಟ್ಟೆ:
ನಾಲ್ಕು ವಾರ ಅಂದರೆ ನಮ್ಮ ಕಡೆ ಯಾರೂ ಒಪ್ಪಲ್ಲ. ಬುಧವಾರ ಫೋನ್, ಶುಕ್ರವಾರ ಶೂಟಿಂಗ್. ನಾನು ಬರೀ ಬಾಡಿಗೆ ಕೊಡುವವನು, ಅನುಮತಿ ಅವರ ತಲೆನೋವು ಅನ್ನಬಹುದಾ?

ಕರಿಕೋಟು:
ಅನ್ನಬಹುದು, ಆದರೆ ನಿಲ್ಲುವುದಿಲ್ಲ. ನೋವಾಗದಂತೆ ನೋಡಿಕೊಳ್ಳುವುದು, ಬೆಂಕಿ ಹತ್ತಿರ ಒಯ್ಯದಿರುವುದು ಮುಂತಾದ ಷರತ್ತುಗಳು ನೋಂದಾಯಿತ ಮಾಲೀಕನ ಮೇಲೇ ಇವೆ. ಬಾಡಿಗೆ ಒಪ್ಪಂದದಲ್ಲಿ ಎರಡು ಸಾಲು ಸೇರಿಸಿಕೊಳ್ಳಿ: ಮಂಡಳಿಯ ಅನುಮತಿ ಪತ್ರದ ಪ್ರತಿ ಕೈಗೆ ಬರದೆ ಪ್ರಾಣಿ ಲಾರಿ ಹತ್ತುವುದಿಲ್ಲ, ಅನುಮತಿಯಲ್ಲಿ ಬರೆದ ಕೆಲಸ ಬಿಟ್ಟು ಬೇರೆ ಕೇಳಿದರೆ ಪ್ರಾಣಿ ಮರಳಿ ಬರುತ್ತದೆ, ಬಾಡಿಗೆ ಮರಳಿ ಹೋಗುವುದಿಲ್ಲ.

ಸ್ಥಳಪರಿಶೀಲನೆಯ ವಿಷಯವೂ ತಿಳಿದಿರಲಿ. ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆ ಇಲ್ಲದ ಪೊಲೀಸ್ ಅಧಿಕಾರಿ, ಅಥವಾ ಮಂಡಳಿ ಲಿಖಿತವಾಗಿ ನೇಮಿಸಿದವರು ಬಂದು ಪ್ರಾಣಿಗಳನ್ನೂ ಜಾಗವನ್ನೂ ನೋಡಬಹುದು, ಸರ್ಟಿಫಿಕೇಟ್ ಕೇಳಬಹುದು. ಸೆಕ್ಷನ್ 25 ಒಂದು ಮಿತಿ ಇಟ್ಟಿದೆ: ಪ್ರದರ್ಶನ ನಡೆಯುತ್ತಿರುವಾಗ ಅವರು ರಂಗದ ಮೇಲೆ ಅಥವಾ ಹಿಂದೆ ಹೋಗುವಂತಿಲ್ಲ.

ಪಶುವೈದ್ಯ_ಹೆಬ್ಬಾಳ:
ನಿಮ್ಮ ಲೆಕ್ಕದಲ್ಲಿ ಒಂದು ಕೊಕ್ಕೆ ಇದೆ. 3 + 2 + 6 ಅಂದರೆ 11. ಹತ್ತು ಅಥವಾ ಹೆಚ್ಚು ಪ್ರದರ್ಶನ ಪ್ರಾಣಿ ಇಟ್ಟವರು ಪಶುವೈದ್ಯರನ್ನು ಕಾಯಂ ನೌಕರಿಗೆ ಇಟ್ಟುಕೊಳ್ಳಬೇಕು. ತಿಂಗಳಿಗೊಮ್ಮೆ ಬಂದು ಹೋಗುವ ಡಾಕ್ಟರ್ ಸಾಲದು.

ಫಿಟ್‌ನೆಸ್ ಸರ್ಟಿಫಿಕೇಟ್ ಬಗ್ಗೆ. ‘ಕಂದು ಕುದುರೆ, ಆರೋಗ್ಯವಾಗಿದೆ’ ಅಂತ ಬರೆದರೆ ಮೂರು ಕಂದು ಕುದುರೆಯಲ್ಲಿ ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಪ್ರತಿ ಪ್ರಾಣಿಗೂ ಬೇರೆ ಹಾಳೆ ಬೇಕು. ಕುದುರೆಗೆ ಹಣೆಯ ಚುಕ್ಕೆಯ ಆಕಾರ, ಯಾವ ಕಾಲಿಗೆ ಎಲ್ಲಿವರೆಗೆ ಬಿಳುಪು, ಮತ್ತೆ ಸುಳಿಗಳು. ಶುಭ ಅಶುಭ ನೋಡಲು ಸುಳಿ ಹುಡುಕುತ್ತಾರಲ್ಲ, ಅದೇ ಸುಳಿ ಗುರುತಿಗೂ ಆಗುತ್ತದೆ. ಹಣೆ, ಕುತ್ತಿಗೆಯ ಎರಡು ಪಕ್ಕ, ಎದೆ, ಎಲ್ಲೆಲ್ಲಿ ಎಷ್ಟಿವೆ ಅಂತ ರೇಖಾಚಿತ್ರದಲ್ಲಿ ಗುರುತು ಹಾಕಬೇಕು. ಬಣ್ಣ ಹಚ್ಚಿ ಚುಕ್ಕೆ ಮರೆಮಾಡಬಹುದು, ಸುಳಿ ಮರೆಯಾಗುವುದಿಲ್ಲ. ಮೈಕ್ರೋಚಿಪ್ ಇದ್ದರೆ ಅದರ ನಂಬರ್ ಹಾಕಿ.

ವಯಸ್ಸನ್ನು ಮಾಲೀಕ ಹೇಳಿದ್ದು ಅಂತ ಬರೆಯಬಾರದು, ಹಲ್ಲು ನೋಡಿ ಬರೆಯಬೇಕು. ಕುದುರೆಯ ಮುಂದಿನ ಹಾಲುಹಲ್ಲುಗಳು ಜೋಡಿ ಜೋಡಿಯಾಗಿ ಸುಮಾರು ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷಕ್ಕೆ ಬೀಳುತ್ತವೆ. ಐದಕ್ಕೆ ಬಾಯಿ ತುಂಬುತ್ತದೆ.

ಗಬ್ಬದ ಪ್ರಾಣಿಯನ್ನು ಬಳಸುವಂತಿಲ್ಲ. ಆಡಿಗೆ ಗಬ್ಬದ ಅವಧಿ ಹೆಚ್ಚುಕಡಿಮೆ 150 ದಿನ. ಹೋತ ಜೊತೆಯಲ್ಲೇ ಮೇಯುತ್ತಿದ್ದರೆ ‘ಗಬ್ಬವಿಲ್ಲ’ ಅಂತ ಕೊಟ್ಟ ಸರ್ಟಿಫಿಕೇಟ್ ಒಂದೂವರೆ ತಿಂಗಳಲ್ಲಿ ಸುಳ್ಳಾಗಿರುತ್ತದೆ. ಹೋತವನ್ನು ಬೇರೆ ಕಟ್ಟಿ, ಶೂಟಿಂಗ್ ಹತ್ತಿರ ಬಂದಾಗ ಸ್ಕ್ಯಾನ್ ಮಾಡಿಸಿ. ನಾಯಿಗೆ ರೇಬೀಸ್ ಲಸಿಕೆಯ ದಿನಾಂಕ ಕಾರ್ಡಿನಲ್ಲಿರಲಿ. ಕುದುರೆಗೆ ಗ್ಲಾಂಡರ್ಸ್ ಪರೀಕ್ಷೆ ಮಾಡಿಸಿ, ಅದು ಮನುಷ್ಯರಿಗೂ ಅಂಟುವ ರೋಗ. ರಕ್ತದ ಮಾದರಿಯ ಅಂತಿಮ ಪರೀಕ್ಷೆ ಹಿಸಾರ್‌ನ ಕುದುರೆ ಸಂಶೋಧನಾ ಕೇಂದ್ರದಲ್ಲಿ ಆಗುತ್ತದೆ. ವರದಿ ಬರುವ ದಿನಗಳನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಇನ್ನೊಂದು ಮಾತು. ಕುದುರೆ ಸತ್ತಂತೆ ಮಲಗಬೇಕು, ಸ್ವಲ್ಪ ಇಂಜೆಕ್ಷನ್ ಕೊಡಿ ಡಾಕ್ಟ್ರೇ ಅಂತ ಸೆಟ್‌ನಲ್ಲಿ ಕೇಳುತ್ತಾರೆ. ಚಿಕಿತ್ಸೆಗೆ ಬಿಟ್ಟು ಬೇರೆ ಯಾವುದಕ್ಕೂ ಮಂಪರಿನ ಔಷಧ ಕೊಡುವಂತಿಲ್ಲ. ಮಲಗಲು ಕಲಿತ ಕುದುರೆ ತನ್ನಿ, ಇಲ್ಲ ಬೊಂಬೆ ಮಾಡಿಸಿ.

ಲಾಳದಕಟ್ಟೆ:
ಆಡುಗಳು ಆಟ ಆಡುವುದಿಲ್ಲ, ಡಾಕ್ಟ್ರೇ. ಮಕ್ಕಳು ಸೊಪ್ಪು ತಿನ್ನಿಸುತ್ತಾರೆ ಅಷ್ಟೇ. ಅವೂ ಲೆಕ್ಕವಾ?

ಕರಿಕೋಟು:
ಮಧ್ಯೆ ಬಂದೆ, ಕ್ಷಮಿಸಿ. ವ್ಯಾಖ್ಯೆಯಲ್ಲಿರುವುದು ಮನರಂಜನೆಗೆ ‘ಬಳಸಿದ’ ಪ್ರಾಣಿ. ಪಲ್ಟಿ ಹೊಡೆಯಲೇಬೇಕು ಅಂತಿಲ್ಲ. ಟಿಕೆಟ್ ಗೇಟಿನ ಒಳಗೆ ನಿಲ್ಲಿಸಿದರೆ ಲೆಕ್ಕಕ್ಕೆ ಬರುತ್ತವೆ ಅಂತಲೇ ಇಟ್ಟುಕೊಳ್ಳಿ. ಕೊಟ್ಟಿಗೆ ಗೇಟಿನ ಆಚೆ ಇದ್ದು, ಶೋಗೂ ಬಾಡಿಗೆಗೂ ಬಳಸದಿದ್ದರೆ ಅವು ನಿಮ್ಮ ಸಾಕುಪ್ರಾಣಿ. ಆಗ ಸಂಖ್ಯೆ 5.

ಲೈಟ್‌ಮೀಟರ್_ರಾಮನಗರ:
500 ಲಕ್ಸ್ ವಿಷಯ ಯಾರೂ ಎತ್ತಲಿಲ್ಲ. ಲಕ್ಸ್ ಅಂದರೆ ಬೀಳುವ ಬೆಳಕಿನ ಅಳತೆ. ಕೃತಕ ಬೆಳಕಿನಲ್ಲಿ ಪ್ರಾಣಿ ಬಳಸಿದರೆ ಒಟ್ಟು ಬೆಳಕು 500 ಲಕ್ಸ್ ಮೀರಬಾರದು. ಅದೆಷ್ಟು ಅಂದರೆ, ಚೆನ್ನಾಗಿ ಬೆಳಗಿದ ಆಫೀಸಿನ ಮೇಜಿನ ಮೇಲೆ ಬೀಳುವಷ್ಟು. ಒಂದು ದೊಡ್ಡ ಲೈಟನ್ನು ಹತ್ತಿರದಿಂದ ಹೊಡೆದರೆ ಇದನ್ನು ಸುಲಭವಾಗಿ ದಾಟುತ್ತೀರಿ.

ಅಳೆಯುವುದು ಪ್ರಾಣಿ ನಿಲ್ಲುವ ಗುರುತಿನಲ್ಲಿ, ಅದರ ಕಣ್ಣಿನ ಎತ್ತರದಲ್ಲಿ, ಎಲ್ಲ ಲೈಟ್ ಉರಿಸಿ. ಮೊಬೈಲ್ ಆಪ್ ಬೇಡ, ಸೆನ್ಸರ್‌ಗೆ ಬಿಳಿ ಗುಮ್ಮಟ ಇರುವ ಲಕ್ಸ್ ಮೀಟರ್ ತನ್ನಿ. ಹೆಚ್ಚು ಬಂದರೆ ಮೊದಲು ಲೈಟ್ ಹಿಂದಕ್ಕೆ ಎಳೆಯಿರಿ. ದೂರ ದುಪ್ಪಟ್ಟಾದರೆ ಬೆಳಕು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಈಗಿನ ಕ್ಯಾಮೆರಾಗಳಿಗೆ 500 ಲಕ್ಸ್ ಧಾರಾಳ, ಲೈಟ್ ಕಮ್ಮಿ ಅನ್ನುವುದು ಹಳೇ ಅಭ್ಯಾಸದ ಮಾತು. ಹಗಲು ಬಯಲಿನಲ್ಲಿ ಸೂರ್ಯನ ಬೆಳಕಿಗೆ ಈ ಮಿತಿ ಇಲ್ಲ. ಹಾಗಾಗಿ ಪ್ರಾಣಿಯ ದೃಶ್ಯಗಳನ್ನು ಹಗಲಿಗೇ ಹಾಕಿಸುವುದು ಜಾಣತನ.

ನೆಲದ ಮಾತೂ ಇದೆ. ನುಣುಪು ನೆಲದ ಮೇಲೆ ಜಾರದ ಚಾಪೆ ಇಲ್ಲದೆ ಪ್ರಾಣಿ ನಡೆಸುವಂತಿಲ್ಲ. ಸ್ಟುಡಿಯೋ ನೆಲದ ಮೇಲೆ ಲಾಳ ಹೊಡೆದ ಕುದುರೆ ಎಣ್ಣೆ ಮೇಲೆ ನಡೆದ ಹಾಗೆ. ಲಾಳವಿಲ್ಲದೆ ಗಟ್ಟಿ ನೆಲದ ಮೇಲೆ ನಡೆಸುವುದಕ್ಕೂ ನಿಯಮದಲ್ಲಿ ಅಡ್ಡಿ ಇದೆ, ಆದ್ದರಿಂದ ಲಾಳ ಬಿಚ್ಚುವುದು ದಾರಿಯಲ್ಲ, ರಬ್ಬರ್ ಮ್ಯಾಟ್ ಹಾಸುವುದೇ ದಾರಿ. ಮ್ಯಾಟಿನ ಅಂಚುಗಳನ್ನು ಟೇಪ್ ಹಾಕಿ ನೆಲಕ್ಕೆ ಅಂಟಿಸಿ. ಎದ್ದ ಅಂಚಿಗೆ ಲಾಳದ ತುದಿ ಸಿಕ್ಕಿಕೊಂಡರೆ ಮುಗ್ಗರಿಸುತ್ತದೆ.

ಗಿಳಿಮನೆ:
ಪಂಜರದ ಗಿಳಿಗೆ ಎರಡು ಕಡೆಯಿಂದ ಬಾಗಿಲು ಮುಚ್ಚಿದೆ. ನಮ್ಮ ಊರಿನ ಗಿಳಿಗಳು 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಸಾಕುವುದೇ ಅಪರಾಧ, ಬಾಡಿಗೆ ಮಾತು ದೂರ. ಇನ್ನೊಂದು, ಸಿನಿಮಾದಲ್ಲಿ ಹಕ್ಕಿಯನ್ನು ಪಂಜರದಲ್ಲಿ ತೋರಿಸುವುದಕ್ಕೆ ಮಂಡಳಿ ಆಕ್ಷೇಪ ಎತ್ತುತ್ತದೆ.

ಮಕಾವ್, ಆಫ್ರಿಕನ್ ಗ್ರೇಯಂಥ ವಿದೇಶಿ ಗಿಳಿ ತರುತ್ತೇನೆ ಅಂದರೆ, ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ನೋಡಿ. ಅದರ ನಾಲ್ಕನೇ ಪರಿಶಿಷ್ಟದಲ್ಲಿರುವ ಜೀವಿಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಇದಕ್ಕೆ 2024ರಲ್ಲಿ ಪ್ರತ್ಯೇಕ ನಿಯಮ ಬಂದಿದೆ. ಮಾರಿದವರ ಹೆಸರಲ್ಲಿ ನೋಂದಣಿ ಇದೆಯೇ ಅಂತ ಮೊದಲು ಕೇಳಿ. ಅಂಗಡಿಯ ಬಿಲ್ ಒಂದೇ ಇದ್ದರೆ ಕೈ ಹಾಕಬೇಡಿ. ಈ ನೋಂದಣಿ ಸಿಕ್ಕರೂ ಮಂಡಳಿಯ ನೋಂದಣಿ ಬೇರೆಯೇ ಬೇಕು, ಒಂದು ಇನ್ನೊಂದರ ಬದಲಿಗೆ ಆಗುವುದಿಲ್ಲ.

ನಮೂನೆ_ಒಂದು:
ಗಿಳಿಯನ್ನು ಗ್ರಾಫಿಕ್ಸ್‌ನಲ್ಲಿ ಮಾಡಲು ಹೇಳಿ. ಆಗ ತೆರೆಯ ಮೂಲೆಯಲ್ಲಿ ‘ಸಿಜಿಐ’ ಅಂತ ಬರುತ್ತದಲ್ಲ, ಅದು ಈ ಕಾರಣಕ್ಕೇ. ಗ್ರಾಫಿಕ್ಸ್ ಅಂತ ಬಾಯಲ್ಲಿ ಹೇಳಿದರೆ ಆಗದು. ಖಾಲಿ ಶಾಟ್, ಅರ್ಧ ಮುಗಿದದ್ದು, ಪೂರ್ತಿ ಮುಗಿದದ್ದು, ಮೂರೂ ಹಂತದ ತುಣುಕುಗಳನ್ನು ಸ್ಟುಡಿಯೋದವರಿಂದ ಮೊದಲೇ ತೆಗೆಸಿ ಇಟ್ಟುಕೊಳ್ಳಬೇಕು.

ಎತ್ತಿನದು ಕಷ್ಟದ ಪ್ರಶ್ನೆ. ಪಟ್ಟಿಯಲ್ಲಿರುವುದು ಹೋರಿ, ನಮ್ಮದು ಬೀಜ ಒಡೆದ ಎತ್ತು ಅನ್ನುವ ವಾದವನ್ನು ನಂಬಿ ಕೂರಬೇಡಿ. 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪು ಜಲ್ಲಿಕಟ್ಟಿಗೂ ಎತ್ತಿನಗಾಡಿ ಓಟಕ್ಕೂ ಒಟ್ಟಿಗೇ ತಡೆ ಹಾಕಿತ್ತು. ಹೊಲದಲ್ಲಿ ಅದರ ರೈತನೇ ಉಳುತ್ತಿರುವುದನ್ನು ದೂರದಿಂದ ತೆಗೆಯುವುದಾದರೆ ಅರ್ಜಿಯಲ್ಲಿ ಹಾಗೇ ಬರೆಯಿರಿ, ಉತ್ತರ ಬರೆಹದಲ್ಲಿ ಬಂದಮೇಲೆ ಕ್ಯಾಮೆರಾ ಇಡಿ.

ಗದ್ದೆಬದು_ಕಾರ್ಕಳ:
ಹಾಗಾದ್ರೆ ಕಂಬಳ ಹೇಗೆ ನಡೀತಾ ಉಂಟು ಅಂತ ಕೇಳುವವರಿಗೆ ಮೊದಲೇ ಹೇಳ್ತೇನೆ. ಕಂಬಳಕ್ಕೆ, ಎತ್ತಿನ ಓಟಕ್ಕೆ, ಗಾಡಿ ಓಟಕ್ಕೆ ಕರ್ನಾಟಕವೇ 2017ರಲ್ಲಿ ಕೇಂದ್ರದ ಕಾಯ್ದೆಗೆ ತಿದ್ದುಪಡಿ ಮಾಡಿದ್ದು, ರಾಷ್ಟ್ರಪತಿಗಳ ಅಂಕಿತವೂ ಆಗಿದೆ. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು, ತಮಿಳುನಾಡು, ಮಹಾರಾಷ್ಟ್ರದ್ದರ ಒಟ್ಟಿಗೆ.

ಆದ್ರೆ ಆ ವಿನಾಯಿತಿ ಸಂಪ್ರದಾಯದ ಕೂಟಕ್ಕೆ, ಸರ್ಕಾರ ಗೊತ್ತು ಮಾಡಿದ ದಿನ, ಜಾಗಕ್ಕೆ ಮಾತ್ರ. ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಅಂತ ನಡೆಯುವ ನಮ್ಮ ಕೂಟ ಬೇರೆ. ರೆಸಾರ್ಟಿನಲ್ಲಿ ಹೊಂಡ ತೋಡಿ, ವಾರ ವಾರ ಟಿಕೆಟ್ ಇಟ್ಟು ‘ಮಿನಿ ಕಂಬಳ’ ಮಾಡ್ತೇವೆ ಅಂದ್ರೆ ಈ ಕಾನೂನು ನಿಮ್ಮ ರಕ್ಷಣೆಗೆ ಬರುದಿಲ್ಲ ಮಾರಾಯ್ರೆ.

ಚಕ್ಕಡಿ_ಧಾರವಾಡ:
ನಮ್ಮ ಕಡೆ ತೆರಬಂಡಿ ಮಾಡ್ತಾರ್ರಿ, ಕಲ್ಲು ಹೇರಿದ ಬಂಡಿ ಎಳಸೂದು. ಅದೂ ಇದರಾಗ ಬರ್ತದೇನು?

ಕರಿಕೋಟು:
ತಿದ್ದುಪಡಿಯಲ್ಲಿರುವ ಮಾತು ಎತ್ತಿನ ಓಟ, ಎತ್ತಿನಗಾಡಿ ಓಟ. ಭಾರ ಎಳೆಸುವುದು ಓಟವೇ ಅನ್ನುವುದು ಚರ್ಚೆಯ ವಿಷಯ. ಡಿ.ಸಿ. ಕಚೇರಿಗೆ ಅರ್ಜಿ ಕೊಡುವಾಗ ‘ಶರ್ಯತ್ತು’ ಅಂತ ಮಾತ್ರ ಬರೆಯದೆ, ಎಷ್ಟು ಭಾರ, ಎಷ್ಟು ದೂರ, ಎಷ್ಟು ನಿಮಿಷ ಅಂತ ಬರೆದೇ ಅನುಮತಿ ಪಡೆಯಿರಿ. ಬಾರುಕೋಲಿಗೆ ಮೊಳೆ ಹೊಡೆದರೆ, ಪ್ರಾಣಿ ಹಿಂಸೆಗೆ ಶಿಕ್ಷೆ ಹೇಳುವ ಸೆಕ್ಷನ್ 11 ಹೇಗೂ ಇದೆ, ಯಾವ ಅನುಮತಿಯೂ ಅದನ್ನು ಮುಚ್ಚುವುದಿಲ್ಲ.

ಪಶುವೈದ್ಯ_ಹೆಬ್ಬಾಳ:
ಸಾಗಣೆ ಬಿಟ್ಟುಹೋಯಿತು. ಪ್ರದರ್ಶನ ಪ್ರಾಣಿಯನ್ನು ರಸ್ತೆಯಲ್ಲಿ ಒಂದೇ ಸಮ 8 ಗಂಟೆಗಿಂತ ಹೆಚ್ಚು ಒಯ್ಯುವಂತಿಲ್ಲ. ಕುದುರೆ ಹೊತ್ತ ವಾಹನದ ವೇಗ, 1978ರ ಸಾಗಣೆ ನಿಯಮದ ಪ್ರಕಾರ, ಗಂಟೆಗೆ 35 ಕಿ.ಮೀ. ಮೀರಬಾರದು. ಈಗ ಲೆಕ್ಕ ಹಾಕಿ: ಬಿಡದಿಯಿಂದ ಹಂಪಿಗೆ ಸುಮಾರು 350 ಕಿ.ಮೀ. ಅಂದರೆ ಹತ್ತು ಗಂಟೆ. ಒಂದೇ ಓಟದಲ್ಲಿ ಹೋದರೆ ಎರಡರಲ್ಲಿ ಒಂದು ನಿಯಮ ಮುರಿಯಲೇಬೇಕು. ಚಿತ್ರದುರ್ಗದ ಆಸುಪಾಸಿನಲ್ಲಿ ಇಳಿಸಿ, ನೀರು ಮೇವು ಕೊಟ್ಟು, ರಾತ್ರಿ ನಿಲ್ಲಿಸುವ ಜಾಗ ಗೊತ್ತು ಮಾಡಿಕೊಳ್ಳಿ. ಆ ಖರ್ಚನ್ನು ಬಾಡಿಗೆಗೆ ಮೊದಲೇ ಸೇರಿಸಿ ಹೇಳಿ.

ಲಾರಿಯೊಳಗೆ ಪ್ರತಿ ಕುದುರೆಗೆ 2.25 ಚದರ ಮೀಟರ್, ಆಡಿಗೆ 0.3 ಚದರ ಮೀಟರ್ ಜಾಗ ಬಿಟ್ಟು ಅಡ್ಡಗಟ್ಟೆ ಇರಬೇಕು, ಇದು ಮೋಟಾರು ವಾಹನ ನಿಯಮದ ಮಾತು. ಮೂರು ಕುದುರೆಗೆ 6.75 ಚದರ ಮೀಟರ್ ಆಯಿತು. ಚಿಕ್ಕ ಗೂಡ್ಸ್ ಗಾಡಿಯಲ್ಲಿ ಮೂರನ್ನೂ ತುಂಬುವ ಯೋಚನೆ ಬಿಡಿ.

ಲಾಳದಕಟ್ಟೆ:
ಎಲ್ಲರಿಗೂ ನಮಸ್ಕಾರ. ಆಡು, ಎತ್ತು, ಗಿಳಿ ಕೈಬಿಟ್ಟೆ. ಅರ್ಜಿಯಲ್ಲಿ ಪ್ರದರ್ಶನದ ವಿವರಣೆ ಹೀಗೆ ಬರೆದಿದ್ದೇನೆ, ಸರಿಯಿದೆಯಾ?

‘ನಾಯಿ: ಎಲ್ಲ ಬಗೆಯ ಸಾಹಸ. ಬಳೆಯೊಳಗೆ ಹಾರುವುದು, ಎರಡು ಕಾಲಿನಲ್ಲಿ ನಡೆಯುವುದು. ಕುದುರೆ: ಓಟ, ಮುಗ್ಗರಿಸಿ ಬೀಳುವುದು, ಯುದ್ಧದ ದೃಶ್ಯ, ಮಕ್ಕಳ ಸವಾರಿ.’

ನಮೂನೆ_ಒಂದು:
ಹೀಗೆ ಕಳಿಸಬೇಡಿ.

‘ಎಲ್ಲ ಬಗೆಯ’ ಅನ್ನುವುದನ್ನು ಹೊಡೆದುಹಾಕಿ. ಏನೇನು ಅಂತ ಒಂದೊಂದಾಗಿ ಬರೆಯಿರಿ. ಷರತ್ತು ಇರುವುದು ಪ್ರಾಣಿಯ ಸಹಜ ಸ್ವಭಾವಕ್ಕೆ ಹೊಂದುವ ಕೆಲಸ ಅಂತ. ಚೆಂಡು ತರುವುದು, ವಾಸನೆ ಹಿಡಿದು ಹುಡುಕುವುದು, ಕರೆದಾಗ ಓಡಿಬರುವುದು, ತಗ್ಗಿನ ಅಡ್ಡಗಂಬ ಹಾರುವುದು ಸರಿ. ಎರಡು ಕಾಲಿನ ನಡಿಗೆ ನಾಯಿಗೆ ಸಹಜವಲ್ಲ, ತೆಗೆಯಿರಿ. ಬಳೆ ಇಡುವುದಾದರೆ ‘ಬೆಂಕಿ ಇಲ್ಲದ, ನೆಲದಿಂದ ಇಷ್ಟು ಸೆಂಟಿಮೀಟರ್ ಎತ್ತರದ’ ಅಂತ ಬರೆಯಿರಿ.

ಕುದುರೆ ‘ಮುಗ್ಗರಿಸಿ ಬೀಳುವುದು’ ಖಂಡಿತ ಬೇಡ. ಕಾಲಿಗೆ ತಂತಿ ಕಟ್ಟಿ, ಗುಂಡಿ ತೋಡಿ ಬೀಳಿಸುವುದನ್ನು ನಿಯಮ ಹೆಸರು ಹಿಡಿದು ನಿಷೇಧಿಸಿದೆ. ಆ ಪದ ಕಂಡರೆ ಓದುವವರ ಮನಸ್ಸು ಅಲ್ಲಿಗೇ ಹೋಗುತ್ತದೆ. ‘ಯುದ್ಧದ ದೃಶ್ಯ’ದ ಬದಲು ‘ಸವಾರನೊಂದಿಗೆ ನಡಿಗೆ, ದುಡುಕಿ, ನಾಗಾಲೋಟ, ಸ್ಫೋಟಕ, ಬೆಂಕಿ, ಚೂಪಾದ ಆಯುಧ ಹತ್ತಿರ ಇರುವುದಿಲ್ಲ’ ಅಂತ ಹಾಕಿ. ಭರ್ಜಿಗಳು ರಬ್ಬರಿನವು ಅಂತಲೂ ಸೇರಿಸಿ.

ಮಕ್ಕಳ ಸವಾರಿಗೆ ಬೇರೆ ಸಾಲು: ಒಂದು ಸಲಕ್ಕೆ ಒಂದೇ ಮಗು, ಎಷ್ಟು ಸುತ್ತು, ಸುತ್ತುಗಳ ನಡುವೆ ಎಷ್ಟು ನಿಮಿಷ ವಿಶ್ರಾಂತಿ. 1965ರ ಹೇರು ಪ್ರಾಣಿಗಳ ನಿಯಮ ತಟ್ಟುವಿನ ಮೇಲೆ 70 ಕೆ.ಜಿ. ಹೇರಿಗೆ ಮಿತಿ ಹಾಕಿದೆ, 37 ಡಿಗ್ರಿ ಸೆಲ್ಸಿಯಸ್ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸವೇ ಬೇಡ ಅನ್ನುತ್ತದೆ. ಸವಾರಿಗೂ ಅದೇ ಅಳತೆ ಇಟ್ಟುಕೊಂಡರೆ ಯಾರೂ ಬೆರಳು ತೋರಿಸುವುದಿಲ್ಲ. ಬೆಳಿಗ್ಗೆ 8ರಿಂದ 10 ಅಂತ ಸಮಯ ಬರೆದುಬಿಡಿ.

ಆಡುಗಳನ್ನು ಅರ್ಜಿಯಿಂದ ತೆಗೆದರೆ ಸಾಲದು, ನಿಮ್ಮ ಪೋಸ್ಟರಿನಿಂದಲೂ ತೆಗೆಯಿರಿ. ನೀವು ಇನ್ನೊಂದು ಎಳೆಯಲ್ಲಿ ಹಾಕಿದ್ದ ಚಿತ್ರದಲ್ಲಿ ಟಿಕೆಟ್ ದರದ ಪಕ್ಕದಲ್ಲೇ ಒಂದು ಆಡುಮರಿ ನಿಂತಿದೆ.

ಲಾಳದಕಟ್ಟೆ:
ಪೋಸ್ಟರ್ ಇವತ್ತೇ ಇಳಿಸುತ್ತೇನೆ. ಸುಳಿ ಗುರುತಿಸುವ ರೇಖಾಚಿತ್ರದ ಖಾಲಿ ಹಾಳೆ ಯಾರಲ್ಲಾದರೂ ಇದ್ದರೆ ಇಲ್ಲಿ ಹಾಕಿ.

ಪಶುವೈದ್ಯ_ಹೆಬ್ಬಾಳ:
ಸಂಜೆ ಹಾಕುತ್ತೇನೆ. ಎಡ, ಬಲ, ಮುಂದೆ, ಹಿಂದೆ, ನಾಲ್ಕೂ ಕಡೆಯಿಂದ ಹಗಲು ಬೆಳಕಿನಲ್ಲಿ ಫೋಟೋ ತೆಗೆದಿಡಿ. ಜೀನು, ತಲೆ ಅಲಂಕಾರ ಬಿಚ್ಚಿರಬೇಕು. ಮುಂಗೂದಲನ್ನು ಪಕ್ಕಕ್ಕೆ ಸರಿಸಿ ಹಿಡಿಯಲು ಒಬ್ಬರು ಬೇಕು, ಇಲ್ಲವಾದರೆ ಹಣೆಯ ಸುಳಿ ಕಾಣುವುದಿಲ್ಲ.